ಗೊರಕೆ ಕೊಟ್ಟ ಖೋ

ನಿದ್ದೆ ಮಾಡುವುದರಲ್ಲಿ ನನಗಿರುವ ಪ್ರತಿಭೆಯನ್ನು ಯಾರೂ ಸಕಾಲದಲ್ಲಿ ಗುರುತಿಸಲಿಲ್ಲ. ಹಾಡುವ ಮಕ್ಕಳನ್ನು ಗುರುತಿಸುತ್ತಾರೆ, ಓಡುವ ಮಕ್ಕಳನ್ನು ಗುರುತಿಸುತ್ತಾರೆ, ವಚನ ಬಾಯಿಪಾಠ ಒಪ್ಪಿಸಿದವರಿಗಂತೂ ಸ್ಟೀಲಿನ ತಾಟು ಬಹುಮಾನ ಕೊಡುತ್ತಾರೆ. ಆದರೆ ಕೊನೆಯ ಬೆಂಚಿನಲ್ಲಿ ಬೆನ್ನು ನೆಟ್ಟಗಿಟ್ಟುಕೊಂಡೇ ನಿದ್ರಿಸಿ, ಗಂಟೆ ಹೊಡೆದ ಕೂಡಲೇ ಎಲ್ಲರಿಗಿಂತ ಮೊದಲು 'ನಮಸ್ತೇ ಸರ್' ಎಂದು ಎದ್ದು ನಿಲ್ಲುತ್ತಿದ್ದ ನನ್ನ ಕಿವಿ ಹಿಂಡಿದರೇ ಹೊರತು ಬೆನ್ನು ತಟ್ಟಲಿಲ್ಲ. ಈಗ ನೋಡಿದರೆ ಜಗತ್ತಿನ ತುಂಬ ನಿದ್ದೆಯ ಮೇಲೆ ಸಂಶೋಧನೆ ನಡೆಯುತ್ತಿದೆಯಂತೆ. ಜನರನ್ನು ಕರೆದು ಮಂಚದ ಮೇಲೆ ಮಲಗಿಸಿ, ತಲೆಗೆ ವೈರು ಅಂಟಿಸಿ, ಪಂಡಿತರು ಪಕ್ಕದಲ್ಲಿ ಎಚ್ಚರವಾಗಿ ಕೂತು ನೋಡುತ್ತಾರಂತೆ. ವಾಡಿಯಿಂದ ಚಿತ್ತಾಪುರಕ್ಕೆ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿಬರುವ ಈ ಶರಣಪ್ಪನನ್ನು ಕರೆದಿದ್ದರೆ ಅವರ ಕೆಲಸ ಎಷ್ಟು ಸಲೀಸಾಗುತ್ತಿತ್ತು! ನಾನು ಮಂಚವನ್ನೂ ಕೇಳುವವನಲ್ಲ.

ನನ್ನ ಸರ್ಕಾರಿ ನೌಕರಿ ಚಿತ್ತಾಪುರದಲ್ಲಿ, ಮನೆ ವಾಡಿಯಲ್ಲಿ. ವಾಡಿ ಜಂಕ್ಷನ್ ಊರು. ಹಗಲೂ ರಾತ್ರಿ ಗೂಡ್ಸ್ ಗಾಡಿಗಳು ಡಬ್ಬಿಗೆ ಡಬ್ಬಿ ಬಡಿದುಕೊಂಡು ನಿಲ್ಲುತ್ತವೆ, ಸಿಮೆಂಟ್ ಕಾರ್ಖಾನೆಯ ಭೋಂಗಾ ಹೊತ್ತು ಹೊತ್ತಿಗೆ ಕೂಗುತ್ತದೆ. ಹೊರಗಿನಿಂದ ಬಂದ ಬೀಗರು ನಮ್ಮಲ್ಲಿ ಒಂದು ರಾತ್ರಿ ಕಳೆದರೆ ಮರುದಿನ ಕಣ್ಣು ಕೆಂಪಗೆ ಮಾಡಿಕೊಂಡು ಊರ ದಾರಿ ಹಿಡಿಯುತ್ತಾರೆ. ನಮಗೆ ಅದ್ಯಾವುದೂ ಕೇಳಿಸುವುದೇ ಇಲ್ಲ. 'ಚಿಂತಿ ಇಲ್ಲದಾವಗ ಸಂತ್ಯಾಗೂ ನಿದ್ದಿ' ಎಂದು ನಮ್ಮವ್ವ ನನ್ನನ್ನು ನೋಡಿ ಹೇಳುತ್ತಿದ್ದಳು. ಅದನ್ನು ಹೊಗಳಿಕೆ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಗಾಡಿಯಲ್ಲಿ ಕಿಟಕಿ ಪಕ್ಕ ಕೂತರೆ ಸಾಕು, ರೆಪ್ಪೆ ತಾನಾಗಿ ಇಳಿಯುತ್ತದೆ. ಚಿತ್ತಾಪುರ ಬಂದಾಗ ಎಚ್ಚರಾದರೆ ಆಫೀಸು, ಆಗದಿದ್ದರೆ ಸೇಡಂ. ಸೇಡಂ ಸ್ಟೇಶನ್ನಿನ ಚಹಾದವನಿಗೆ ನಾನು ಎಷ್ಟು ಪರಿಚಿತ ಎಂದರೆ, 'ಬರ್ರಿ ಸಾಹೇಬ್ರ, ಇವತ್ತೂ ನಿದ್ದಿ ಹತ್ತಿತ್ತೇನ್ರಿ?' ಎಂದು ಕೇಳಿಕೊಂಡೇ ಕಪ್ಪು ತೊಳೆಯುತ್ತಾನೆ.

ನಮ್ಮ ಕಡೆ ಇನ್ನೊಂದು ಸುಖವಿದೆ, ಅದರ ಹೆಸರು ಅಡ್ಡಾಗುವುದು. ಇದು ಮಲಗುವುದಲ್ಲ. ಮಲಗುವುದಕ್ಕೆ ಹಾಸಿಗೆ ಬೇಕು, ದೀಪ ಆರಿಸಬೇಕು, ನಾಳಿನ ಚಿಂತೆ ಮಾಡಬೇಕು. ಅಡ್ಡಾಗುವುದಕ್ಕೆ ಮಧ್ಯಾಹ್ನದ ಬಿಸಿಲು, ಹೊಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ಬೆನ್ನ ಕೆಳಗೆ ತಣ್ಣನೆಯ ಶಹಾಬಾದ್ ಫರಸಿಕಲ್ಲಿನ ನೆಲ ಇದ್ದರೆ ಮುಗಿಯಿತು. 'ಜರಾ ಅಡ್ಡಾಗ್ತೀನಿ' ಎಂದು ಹೇಳಿದವನನ್ನು ಯಾರೂ ಸೋಮಾರಿ ಅನ್ನುವುದಿಲ್ಲ. ಅಂಗಡಿಯವರು ಶಟರ್ ಅರ್ಧ ಎಳೆದು ಅಡ್ಡಾಗುತ್ತಾರೆ, ಆಟೋದವರು ಹಿಂದಿನ ಸೀಟಿನಲ್ಲಿ ಕಾಲು ಹೊರಗೆ ಚಾಚಿ ಅಡ್ಡಾಗುತ್ತಾರೆ. ಊರಿಗೆ ಊರೇ ಅಡ್ಡಾಗುತ್ತದೆ ಎಂದು ನಾನು ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದೆ.

ಇಂಥ ನೆಮ್ಮದಿಯ ಬದುಕಿನಲ್ಲಿ ಒಂದೇ ಒಂದು ತೊಡಕು. ನಾನು ಗೊರಕೆ ಹೊಡೆಯುತ್ತೇನಂತೆ. 'ಅಂತೆ' ಎನ್ನುವುದು ಯಾಕೆಂದರೆ ಲೋಕದಲ್ಲಿ ಎಲ್ಲ ತಪ್ಪಿಗೂ ಅದನ್ನು ಮಾಡಿದವನೇ ಮೊದಲ ಸಾಕ್ಷಿ. ಈ ಒಂದು ತಪ್ಪಿಗೆ ಮಾತ್ರ ಅವನನ್ನು ಬಿಟ್ಟು ಉಳಿದವರೆಲ್ಲ ಸಾಕ್ಷಿಗಳು. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರಲ್ಲ, ಹಾಗೆ ತನ್ನ ಗೊರಕೆ ತನಗೆ ಕೇಳದು. ಮಗಳು ನೀಲಾಂಬಿಕೆ, ಅಂದರೆ ನಮ್ಮ ನೀಲಾ, ಅದನ್ನು ಅನುಕರಿಸಿ ತೋರಿಸಿದ ಮೇಲೆಯೇ ನನಗೆ ಅದರ ಸ್ವರೂಪ ತಿಳಿದದ್ದು. ಮೊದಲು ಗೊರ್ರ್ ಎಂದು ಉದ್ದಕ್ಕೆ ಎಳೆಯುತ್ತೇನಂತೆ. ಆಮೇಲೆ ಉಸಿರೇ ಇಲ್ಲ, ಪೂರ್ತಿ ಸ್ತಬ್ಧ. ಮನೆಯವರು 'ಏನಾಯಿತಪ್ಪಾ' ಎಂದು ತಿರುಗಿ ನೋಡುವಷ್ಟರಲ್ಲಿ ಒಮ್ಮೆಲೇ ಜೋರಾಗಿ 'ಖೋ!' ಮತ್ತೆ ಮೊದಲಿನಿಂದ ಗೊರ್ರ್. ಹೆಂಡತಿ ಶಾಂತಾ ಇದರ ಬಗ್ಗೆ ಎಂದೂ ದೊಡ್ಡದಾಗಿ ದೂರಿದವಳಲ್ಲ. ಮದುವೆಯ ಹೊಸತರಲ್ಲಿ ಒಂದೆರಡು ಸಲ ಏನೋ ಅಂದಿದ್ದಳು, ನಾನು ನಕ್ಕಿದ್ದೆ, ಆಮೇಲೆ ಅವಳಿಗೆ ರೂಢಿಯಾಗಿದೆ ಎಂದುಕೊಂಡೆ. ಅವಳು ಆಗಾಗ ರೊಟ್ಟಿ ಬಡಿಯುತ್ತಲೇ ತೂಕಡಿಸುತ್ತಿದ್ದಳು. ಒಮ್ಮೆ ಪುಂಡಿಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಾಗ, 'ಲಕ್ಷ್ಯ ಎಲ್ಲಿರ್ತದ ನಿಂದು?' ಎಂದು ಕೇಳಿದ್ದೂ ಉಂಟು.

ನೀಲಾ ಹೈಸ್ಕೂಲಿನಲ್ಲಿ ಓದುತ್ತಾಳೆ. ಓದಿಗಿಂತ ಖೋಖೋ ಹೆಚ್ಚು. ನನ್ನ ಮನೆತನದಲ್ಲಿ ಬಸ್ಸು ಹಿಡಿಯುವುದಕ್ಕೂ ಯಾರೂ ಓಡಿದವರಲ್ಲ. ಇವಳು ಮಾತ್ರ ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತಳೆಂದರೆ, ಹಿಂದಿನಿಂದ ಖೋ ಬೀಳುವುದೇ ತಡ, ಎದ್ದದ್ದು ಕಾಣುವ ಮೊದಲೇ ಎದುರಾಳಿಯ ಬೆನ್ನ ಹತ್ತಿರ ಇರುತ್ತಾಳೆ. ಖೋಖೋ ಗೊತ್ತಿಲ್ಲದವರಿಗೆ ಒಂದೇ ಮಾತು ಹೇಳುತ್ತೇನೆ: ಇಲ್ಲಿ ಸಾಲಾಗಿ ಕೂತವರು ತಮ್ಮ ಜೊತೆಯ ಆಟಗಾರ್ತಿ ಬೆನ್ನು ಮುಟ್ಟಿ ಖೋ ಎಂದ ಮೇಲೆಯೇ ಏಳಬೇಕು. ಅದಕ್ಕಿಂತ ಮೊದಲು ಎದ್ದರೆ ಫೌಲು. ಖೋ ಬಿದ್ದ ಮೇಲೂ ಕೂತಿದ್ದರೆ ಆಟವೇ ಕೆಟ್ಟಿತು. ಆ ವರ್ಷ ಜಿಲ್ಲಾ ತಂಡಕ್ಕೆ ಹುಡುಗಿಯರನ್ನು ಆರಿಸುವುದಿತ್ತು. ಒಂದು ಸ್ಥಾನ ಬಿಟ್ಟು ಉಳಿದವೆಲ್ಲ ತುಂಬಿದ್ದವು. ಆ ಒಂದಕ್ಕೆ ಶಹಾಬಾದ್ ಮೈದಾನದಲ್ಲಿ ಆಯ್ಕೆ ಪಂದ್ಯ ಎಂದು ಗೊತ್ತಾದ ದಿನದಿಂದ ನೀಲಾ ಊಟಕ್ಕೂ ಕುಕ್ಕರಗಾಲಲ್ಲೇ ಕೂಡತೊಡಗಿದಳು. ಅವಳಿಗೆ ಅದು ಬೇಕೇ ಬೇಕಾಗಿತ್ತು. ಅವಳ ಮುಖ ನೋಡಿ ನನಗೂ ಬೇಕಾಗಿತ್ತು.

ಆದರೆ ಅಭ್ಯಾಸದಲ್ಲಿ ಹುಡುಗಿ ಫೌಲಿನ ಮೇಲೆ ಫೌಲು ಮಾಡಹತ್ತಿದಳು. ಅವಳ ದೈಹಿಕ ಶಿಕ್ಷಕಿ ಫರ್ಹಾನಾ ಮೇಡಂ ಒಂದು ಭಾನುವಾರ ಮಧ್ಯಾಹ್ನ ಮನೆಗೇ ಬಂದರು. ಆ ವೇಳೆಯಲ್ಲಿ ನಾನು ಎಲ್ಲಿರುತ್ತೇನೆ ಎಂದು ಹೇಳಬೇಕಾಗಿಲ್ಲ. ಪಡಸಾಲೆಯ ಫರಸಿಯ ಮೇಲೆ ಅಡ್ಡಾಗಿದ್ದೆ. ಮುಂದೆ ನಡೆದದ್ದನ್ನು ಶಾಂತಾ ಹೇಳಿದಂತೆ ಹೇಳುತ್ತೇನೆ. ಮೇಡಂ ಒಳಕೋಣೆಯ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತರು. ಒಳಗೆ ನೀಲಾ ಬೆಳಗಿನ ಅಭ್ಯಾಸ ಮುಗಿಸಿ ಬಂದು ಚಾಪೆಯ ಮೇಲೆ ನಿದ್ದೆ ಹೋಗಿದ್ದಳು.

'ಭಾಭಿ, ಕಾಲು ಚೊಲೋ ಅದಾವ, ದಮ್ಮೂ ಅದ. ಆದ್ರ ಖೋ ಬೀಳೋಕ್ಕಿಂತ ಮೊದಲ ಏಳ್ಲಿಕತ್ತಾಳ. ಕಾಗಿ ಕಾ ಅಂದ್ರೂ ಏಳ್ತಾಳ, ಚಾದಂಗಡ್ಯಾವ ಬಕೀಟ್ ಇಟ್ರೂ ಏಳ್ತಾಳ. ಮನ್ಯಾಗ ನಿದ್ದಿ ಬರೋಬ್ಬರಿ ಆಗ್ತದೋ ಇಲ್ಲೋ?' ಎಂದು ಮೇಡಂ ಕೇಳುತ್ತಿದ್ದರಂತೆ. ಆಗ ಸರಿಯಾಗಿ ಪಡಸಾಲೆಯಿಂದ ನನ್ನ ಗೊರ್ರ್ ಎದ್ದಿತು, ನಿಂತಿತು, ಆಮೇಲೆ 'ಖೋ!' ಒಳಗೆ ಮಲಗಿದ್ದ ನೀಲಾ ಕಣ್ಣು ಮುಚ್ಚಿಕೊಂಡೇ ಎದ್ದು ಎರಡು ಹೆಜ್ಜೆ ಓಡಿ ಜೋಳದ ಚೀಲಕ್ಕೆ ಡಿಕ್ಕಿ ಹೊಡೆದಳು. ಅದು ಹೋಗಲಿ, ಫರ್ಹಾನಾ ಮೇಡಂ ಕೂಡ ಕೈಯಲ್ಲಿದ್ದ ಚಹಾ ಸಮೇತ ಕುರ್ಚಿ ಬಿಟ್ಟು ಎದ್ದು ನಿಂತಿದ್ದರು. ಅವರೂ ಒಂದು ಕಾಲದಲ್ಲಿ ಖೋಖೋ ಆಡಿ ಮೆರೆದವರು.

'ಯಾ ಅಲ್ಲಾ! ನಾನ ಎದ್ದೆನಲ್ರೀ ಭಾಭಿ!' ಎಂದು ಅವರು ಕೂಗಿದ ದನಿಗೆ ನನಗೆ ಎಚ್ಚರವಾಯಿತು. ಕಣ್ಣು ಬಿಟ್ಟರೆ ಮೂವರು ಹೆಣ್ಣುಮಕ್ಕಳು ನನ್ನ ಸುತ್ತ ನಿಂತು, ಪೊಲೀಸರು ಕಳ್ಳನನ್ನು ನೋಡುವ ಹಾಗೆ ನೋಡುತ್ತಿದ್ದಾರೆ. 'ಏನಾತ್ರೀ, ಯಾರ್ ಬಂದಾರ?' ಎಂದೆ. 'ಬಂದಿದ್ದು ಯಾರೂ ಅಲ್ಲ, ಹೊಂಟಿದ್ದು ನಿಮ್ಮ ಗೊರಕಿ' ಎಂದಳು ಶಾಂತಾ.

ಆ ಮಧ್ಯಾಹ್ನ ಫರ್ಹಾನಾ ಮೇಡಂ ನಮಗೆ ನಿದ್ದೆಯ ಮೇಲೆ ಪಾಠ ಮಾಡಿದರು. ಆಟಗಾರರಿಗೆ ತರಬೇತಿ ಕೊಡುವವರ ಶಿಬಿರವೊಂದಕ್ಕೆ ಹೋಗಿ ಇದನ್ನೆಲ್ಲ ಕೇಳಿಸಿಕೊಂಡು ಬಂದಿದ್ದರು. 'ಕಸರತ್ತು ಮೈದಾನದಾಗ ಅರ್ಧಾ, ಹಾಸಗ್ಯಾಗ ಅರ್ಧಾ ಅಂತಾರ್ರಿ. ಗಾಢ ನಿದ್ದ್ಯಾಗ ಮೈ ತನ್ನ ರಿಪೇರಿ ತಾನ ಮಾಡ್ಕೋತದ. ಹಗಲಿ ಕಲ್ತದ್ದು ರಾತ್ರಿ ತಲ್ಯಾಗ ಕುಂದರ್ತದ. ನಿದ್ದಿ ಕಮ್ಮಿ ಆದ್ರ ಮೊದಲ ಕೆಡೋದು ಕಾಲಲ್ಲ, ತಲಿ. ಯಾವ ಸಪ್ಪಳಕ್ಕ ಏಳ್ಬೇಕು, ಯಾವುದಕ್ಕ ಸುಮ್ಮ ಕುಂದರ್ಬೇಕು, ಆ ಫರಕ್ ತಿಳ್ಯಂಗಿಲ್ಲ.' ನಾನು ತಲೆ ಆಡಿಸಿದೆ. ಇಷ್ಟು ವರ್ಷ ನಾನು ಮಾಡಿಕೊಂಡು ಬಂದ ಕೆಲಸಕ್ಕೆ ಇಷ್ಟು ಮರ್ಯಾದೆ ಇದೆ ಎಂದು ಕೇಳಿ ಎದೆ ಉಬ್ಬಿತ್ತು. 'ಹಂಗಾರ ನಾ ಮಾಡೋದು ಬರೋಬ್ಬರಿ ಅದ ಅಂದಂಗಾತು' ಎಂದೆ. ಮೇಡಂ ನನ್ನ ಕಡೆ ಮರುಕದಿಂದ ನೋಡಿದರು. 'ಇಲ್ಲಣ್ಣ. ನೀವು ಮಾಡೋದು ಗಾಢ ನಿದ್ದಿ ಅಲ್ಲ. ನಡುವ ಉಸುರು ನಿಲ್ತದಲ್ಲ, ಅದು ಚೊಲೋ ಅಲ್ರಿ. ರಾತ್ರಿ ನಿದ್ದಿ ಸರಿ ಆಗಂಗಿಲ್ಲ ಅಂತ ನೀವು ಹಗಲೆಲ್ಲ ತೂಕಡಸ್ತೀರಿ. ಕಲಬುರ್ಗಿಗಿ ಹೋಗಿ ಡಾಕ್ಟರ್‌ಗ ತೋರಸ್ರಿ.' ನನ್ನ ಏಕೈಕ ಪ್ರತಿಭೆಯನ್ನು ರೋಗ ಎಂದು ಕರೆದ ಮೇಲೆ ನಾನು ಹೆಚ್ಚು ಮಾತಾಡಲಿಲ್ಲ. ಡಾಕ್ಟರ ವಿಷಯ ಆಮೇಲೆ ನೋಡೋಣ, ಮೊದಲು ಹುಡುಗಿಯ ಆಯ್ಕೆ ಮುಗಿಯಲಿ ಎಂದು ತೇಲಿಸಿದೆ.

ತೀರ್ಪು ಅಲ್ಲೇ ಆಯಿತು. ಆಯ್ಕೆ ಆಗುವವರೆಗೆ ನಾನು ಮನೆಯೊಳಗೆ ಮಲಗುವ ಹಾಗಿಲ್ಲ. ನನ್ನ ಹಾಸಿಗೆಗೆ ಮೊದಲ ಖೋ ಬಿತ್ತು, ಅದು ಮನೆಯ ಮೇಲಿನ ಬಯಲು ಮಾಳಿಗೆಗೆ ಹೋಯಿತು. ಮಳೆಗಾಲ ಮುಗಿದು ಸೆಕೆ ಮರಳಿ ಬಂದಿದ್ದ ದಿನಗಳು. ಅಂಥ ಹೊತ್ತಿನಲ್ಲಿ ನಮ್ಮ ಓಣಿಯ ಅರ್ಧ ಜನ ಮಾಳಿಗೆಯ ಮೇಲೇ ಇರುತ್ತಾರೆ ಎಂಬುದನ್ನು ನಾವ್ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದೇ ರಾತ್ರಿ. ಮುಂಜಾನೆ ಪಕ್ಕದ ಮನೆಯ ಚಾಂದಪಾಶಾ ಹಲ್ಲುಜ್ಜುತ್ತ ಬಾಗಿಲಿಗೆ ಬಂದ. ಅವನದು ಫರಸಿ ವ್ಯಾಪಾರ, ನನಗೆ ಶಾಲೆಯ ಕಾಲದ ಗೆಳೆಯ. 'ಶರಣಪ್ಪಣ್ಣ, ಸಿಟ್ಟಾಗಬ್ಯಾಡ, ಒಂದ್ ಮಾತು. ನೀ ಗೊರ್ರ್ ಅಂದಾಗ ನಮಗೇನೂ ತ್ರಾಸಿಲ್ಲ. ನಡುವ ನಿಂದರ್ತೀ ನೋಡು, ಆವಾಗ ನಮ್ಮ ಜೀವ ಬಾಯಿಗಿ ಬರ್ತದ. ಈಗ ಬಿತ್ತು ಖೋ, ಈಗ ಬಿತ್ತು ಖೋ ಅಂತ ಇಡೀ ಓಣಿ ಕಾಯ್ಕೋತ ಕೂತಿತ್ತಪಾ' ಎಂದ. ಅಲ್ಲಿಂದಲೂ ಖೋ.

ಗೆಳೆಯನೇ ದಾರಿ ತೋರಿಸಿದ. ಊರ ಹೊರಗಿರುವ ತನ್ನ ಫರಸಿ ಗೋದಾಮಿನ ಕೀಲಿ ಕೊಟ್ಟು, 'ಅಲ್ಲಿ ಬರೇ ಕಲ್ಲು ಅದಾವ, ಬೇಫಿಕರ್ ಮಕ್ಕೋ' ಎಂದ. ನಾಲ್ಕೂ ಕಡೆ ಆಳೆತ್ತರಕ್ಕೆ ನಿಲ್ಲಿಸಿದ ಶಹಾಬಾದ್ ಕಲ್ಲಿನ ಹಾಸುಗಳ ನಡುವೆ ನಾನು ಚಾಪೆ ಹಾಸಿದೆ. ಕಲ್ಲು ಕೇಳಿಸಿಕೊಂಡು ಸುಮ್ಮನಿರುವ ಜಾತಿಯಲ್ಲ ಎಂದು ಅಲ್ಲಿ ತಿಳಿಯಿತು. ಹೇಳಿದ್ದನ್ನು ತಿರುಗಿ ಹೇಳುತ್ತದೆ. ಕಣ್ಣು ಹತ್ತಿದ ಸ್ವಲ್ಪ ಹೊತ್ತಿಗೆ ಯಾರೋ ಕಿವಿಯ ಹತ್ತಿರವೇ 'ಖೋ' ಎಂದಂತಾಗಿ ದಿಗ್ಗನೆ ಎದ್ದು ಕೂತೆ. 'ಯಾಂವ ಅವ?' ಎಂದೆ. 'ಯಾಂವ ಅವ?' ಎಂದು ಕಲ್ಲುಗಳೂ ಕೇಳಿದವು. ಜೀವನದಲ್ಲಿ ಮೊದಲ ಸಲ ನನ್ನ ಗೊರಕೆ ನನಗೇ ಕೇಳಿತು. ಕೇಳಿದ ಮೇಲೆ ಮತ್ತೆ ನಿದ್ದೆ ಬರಲಿಲ್ಲ. ಮುಂದಿನ ರಾತ್ರಿಗಳದೂ ಅದೇ ಪಾಡು. ಗೋದಾಮಿನಲ್ಲಿ ನಾನೇ ಖೋ ಕೊಡುವವನು, ನಾನೇ ಏಳುವವನು.

ಅತ್ತ ಮನೆಯ ನಸೀಬು ತಿರುಗಿತು. ನೀಲಾಳ ಮೊಬೈಲು ಹೊತ್ತು ಮುಳುಗುತ್ತಲೇ ಜೋಳದ ಹಿಟ್ಟಿನ ಡಬ್ಬಿಯ ಮೇಲಿನ ಗೂಡಿಗೆ ಹೋಗುತ್ತಿತ್ತು. ಹುಡುಗಿ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುತ್ತಿದ್ದಳು. ಫೌಲು ನಿಂತವು. ಕಾಗೆ ಕೂಗಿದರೆ ಕಾಗೆ, ಬಕೀಟು ಸಪ್ಪಳವಾದರೆ ಬಕೀಟು, ಖೋ ಬಿದ್ದರೆ ಮಾತ್ರ ಖೋ. ನಾನು ಬೆಳಿಗ್ಗೆ ಗೋದಾಮಿನಿಂದ ಕಣ್ಣು ಹಿಸುಕಿಕೊಂಡು ಬಂದರೆ ಮನೆಯಲ್ಲಿ ಹಬ್ಬದ ಕಳೆ. ಶಾಂತಾ ಏನೋ ಗುನುಗುತ್ತ ರೊಟ್ಟಿ ಬಡಿಯುತ್ತಿದ್ದಳು, ರೊಟ್ಟಿ ಎಷ್ಟು ತೆಳ್ಳಗೆ, ಎಷ್ಟು ಗುಂಡಗೆ ಇರುತ್ತಿದ್ದವು ಎಂದರೆ ನಾನು ಡಬ್ಬಿ ತೆರೆದಾಗ ಆಫೀಸಿನವರೂ ಇಣುಕುತ್ತಿದ್ದರು. ಮಗಳ ಆಟ ಸುಧಾರಿಸಿದ ಖುಷಿಗೆ ಹೀಗಿದ್ದಾಳೆ ಎಂದು ನಾನು ಅರ್ಥ ಮಾಡಿಕೊಂಡೆ. ನನ್ನ ಸ್ಥಿತಿ ಮಾತ್ರ ಕೇಳಬೇಡಿ. ಆಫೀಸಿನಲ್ಲಿ ಮೊಹರು ತಲೆಕೆಳಗಾಗಿ ಒತ್ತಿದೆ, ಸಾಹೇಬರಿಗೆ 'ಏನವ್ವಾ' ಎಂದೆ. ಗಾಡಿಯಲ್ಲಿ ಸೇಡಂ ದಾಟಿ ತೆಲುಗು ಬೋರ್ಡು ಕಾಣುವವರೆಗೂ ಹೋಗಿ, ಅಲ್ಲಿಂದ ತಿರುಗಿ ಬಂದೆ.

ಆಯ್ಕೆಯ ದಿನ ಬಂತು. ಶಹಾಬಾದ್ ಮೈದಾನದ ಒಂದು ಬದಿಗೆ ಬೇವಿನ ಮರ, ಅದರ ಕೆಳಗೆ ಫರಸಿ ಮೆಟ್ಟಿಲು. ಶಾಂತಾ ಮತ್ತು ಚಾಂದಪಾಶಾ ನನ್ನ ಅಕ್ಕಪಕ್ಕ ಕೂತರು. ಸೇಡಂ, ಚಿಂಚೋಳಿ, ಚಿತ್ತಾಪುರ ಕಡೆಯ ಹುಡುಗಿಯರನ್ನು ಬೆರೆಸಿ ಎರಡು ತಂಡ ಮಾಡಿದ್ದರು. ಉಳಿದ ಒಂದು ಸ್ಥಾನಕ್ಕೆ ಪೈಪೋಟಿ ಇದ್ದದ್ದು ನಮ್ಮ ನೀಲಾ ಮತ್ತು ಸೇಡಂ ಕಡೆಯ ಮುಧೋಳದ ಅನಿತಾ ಎಂಬ ಹುಡುಗಿಯ ನಡುವೆ. ತೆಳ್ಳಗಿನ, ಕಣ್ಣಲ್ಲಿ ಮಿಂಚಿದ್ದ ಹುಡುಗಿ. ಇಬ್ಬರೂ ಒಂದೇ ಸಾಲಿನಲ್ಲಿ, ನಡುವೆ ಒಬ್ಬಳನ್ನು ಬಿಟ್ಟು ಕೂತಿದ್ದರು. ಇಬ್ಬರ ಬೆನ್ನೂ ನಮ್ಮ ಕಡೆಗೆ. ಆಟ ಶುರುವಾಯಿತು. ನಾನು ಕಣ್ಣು ಕಿಸಿದು ನೋಡುತ್ತಿದ್ದೆ, ದೇವರಾಣೆ ನೋಡುತ್ತಿದ್ದೆ. ಆದರೆ ತಂಪು ನೆರಳು, ಬೆನ್ನಿಗೆ ಮರದ ಬೊಡ್ಡೆ, ಕೆಳಗೆ ತಣ್ಣನೆಯ ಫರಸಿ, ಎಷ್ಟೋ ರಾತ್ರಿಗಳ ಬಾಕಿ ನಿದ್ದೆ. ನಾನು ಮಲಗಲಿಲ್ಲ, ಅಡ್ಡಾದೆ ಅಷ್ಟೇ.

ಮತ್ತೆ ಇದು ಬೇರೆಯವರು ಹೇಳಿದ ಕಥೆ. ಆಟ ಬಿರುಸಾಗಿತ್ತಂತೆ, ಓಡುವ ಹುಡುಗಿ ಕಂಬದ ಹತ್ತಿರ ಸಿಕ್ಕಿಬೀಳುವುದರಲ್ಲಿದ್ದಳಂತೆ, ಮೈದಾನವೆಲ್ಲ ಉಸಿರು ಬಿಗಿಹಿಡಿದು ಸ್ತಬ್ಧವಾಗಿತ್ತಂತೆ. ಆ ನಿಶ್ಶಬ್ದದಲ್ಲಿ ಬೇವಿನ ಮರದ ಕೆಳಗಿನಿಂದ ಸ್ಪಷ್ಟವಾಗಿ, ಗಟ್ಟಿಯಾಗಿ, 'ಖೋ!' ಮುಧೋಳದ ಅನಿತಾ ಚಂಗನೆ ಎದ್ದು ಓಡಿದಳು. ನೀಲಾ ಬೆರಳನ್ನೂ ಅಲುಗಿಸಲಿಲ್ಲ. ಆಟದ ತೀರ್ಪು ಕೊಡುವ ಪಂಚರು ಸೀಟಿ ಊದಿದರು. ಫೌಲು! ಅನಿತಾ ನಡುವೆಯೇ ನಿಂತು, ಯಾರು ತನಗೆ ಖೋ ಕೊಟ್ಟರು ಎಂದು ಸುತ್ತ ನೋಡಿ, ಯಾರೂ ಇಲ್ಲದ್ದು ಕಂಡು ಅಳುಮುಖ ಮಾಡಿದಳಂತೆ.

ಶಾಂತಾ ನನ್ನ ಪಕ್ಕೆಗೆ ತಿವಿದಳು. ಎಚ್ಚರಾಗಿ ಅವಳು ಪಿಸುಗುಟ್ಟಿದ್ದನ್ನು ಕೇಳಿದಾಗ ಮೊದಲು ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ನಮ್ಮ ಹುಡುಗಿಯ ಎದುರಾಳಿಗೆ ಫೌಲು ಬಿದ್ದಿದೆ, ಸುಮ್ಮನೆ ಕೂತರೆ ಸ್ಥಾನ ನಮ್ಮದೇ. ಆದರೆ ಆ ಹುಡುಗಿ ಹಿಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನ ಮಗಳ ವಯಸ್ಸು. ಎದ್ದು ಮೈದಾನದ ಗೆರೆಯವರೆಗೆ ನಡೆದು ಪಂಚರಿಗೆ ಕೈ ಮುಗಿದೆ. 'ಸರ್, ಆ ಹುಡುಗಿದೇನೂ ತಪ್ಪಿಲ್ರಿ. ಖೋ ಕೊಟ್ಟಾಂವ ನಾನು.'

'ನೀವ್ಯಾಕ ಕೊಟ್ರಿ? ಹುಡುಗ್ಯಾರ ಆಟದಾಗ ಚಾಷ್ಟಿ ಮಾಡ್ತೀರೇನ್ರಿ?' ಎಂದು ಪಂಚರು ಕೆಂಡವಾದರು.

'ಬೇಕಂತ ಕೊಟ್ಟಿಲ್ರಿ. ನಿದ್ದ್ಯಾಗ ಕೊಟ್ಟೀನಿ. ನನ್ನ ಗೊರಕಿ ಹಂಗ ಅದರಿ.'

ಪಂಚರು ನಂಬಲಿಲ್ಲ. ಚಾಂದಪಾಶಾ ಸಾಕ್ಷಿ ಹೇಳಲು ಎದ್ದು ಬಂದ. 'ಖರೇ ಅದ ಸರ್, ನಮ್ಮ ಓಣಿ ಎಲ್ಲಾರ್ನೂ ಕರಸ್ತೀನಿ, ಬೇಕಾದ್ರ ಇನ್ನೊಮ್ಮಿ ಅಡ್ಡಾಗಿಸಿ ತೋರಸ್ತೀನಿ' ಎಂದ. ಮೈದಾನವೆಲ್ಲ ನಗೆಯಲ್ಲಿ ಮುಳುಗಿತು. ಕೊನೆಗೆ ಪಂಚರೂ ನಕ್ಕರು, ಫೌಲು ರದ್ದು ಮಾಡಿದರು, ನನ್ನ ಕಡೆ ತಿರುಗಿ, 'ಯಜಮಾನ್ರ, ಆಟ ಮುಗಿಯೋ ತನಕ ನೀವು ಗೇಟಿನ ಹೊರಗಿರ್ರಿ' ಎಂದು ಬೆರಳು ತೋರಿಸಿದರು. ಅಲ್ಲಿಂದಲೂ ಖೋ. ಆಟ ಮತ್ತೆ ಶುರುವಾದದ್ದನ್ನು ನಾನು ಗೇಟಿನ ಸರಳುಗಳ ಸಂದಿಯಿಂದ ನೋಡಿದೆ. ಅನಿತಾ ಚೆನ್ನಾಗಿ ಆಡಿದಳು. ಆದರೆ ಕೊನೆಯ ಗಳಿಗೆಯಲ್ಲಿ ನೀಲಾ ಉದ್ದಕ್ಕೆ ಹಾರಿ, ಮಣ್ಣಲ್ಲಿ ಜಾರಿ, ಓಡುವ ಹುಡುಗಿಯ ಹಿಮ್ಮಡಿ ಮುಟ್ಟಿದಳಲ್ಲ, ಆಗ ನಾನು ಗೇಟಿನ ಸರಳು ಹಿಡಿದು ಹುಚ್ಚನ ಹಾಗೆ ಕುಣಿದೆ. ಸ್ಥಾನ ನೀಲಾಳಿಗೆ ಸಿಕ್ಕಿತು. ಅನಿತಾಳನ್ನು ಹೆಚ್ಚುವರಿ ಆಟಗಾರ್ತಿಯಾಗಿ ತೆಗೆದುಕೊಂಡರು.

ಹುಡುಗಿಯರಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹೊರಗೆ ಬಂದರು. 'ಕಾಕಾ, ಭಾಳ ಜೋರ್ ಅದ ನಿಮ್ಮ ಖೋ' ಎಂದು ಅನಿತಾ ನಗುತ್ತ ಹೇಳಿದಳು. ಮುಧೋಳದಿಂದ ಮೊದಲ ಬಸ್ಸು ಹಿಡಿಯಲು ಕೋಳಿ ಕೂಗುವ ಮೊದಲೇ ಎದ್ದಿದ್ದಳಂತೆ. ಫರ್ಹಾನಾ ಮೇಡಂ ನನ್ನ ಕಡೆ ತಿರುಗಿದರು. 'ನೋಡಿದ್ರೇನಣ್ಣ? ಆ ಪೋರಿ ಆಟ ಕಮ್ಮಿ ಅಲ್ಲ, ನಿದ್ದಿ ಕಮ್ಮಿ. ನಿದ್ದಿ ಆದಾಕಿ ಖೋಕ್ಕ ಏಳ್ತಾಳ, ನಿದ್ದಿ ಇಲ್ದಾಕಿ ಸಪ್ಪಳಕ್ಕ ಏಳ್ತಾಳ. ಇನ್ನರೆ ಡಾಕ್ಟರ್ ಕಡಿ ಹೋಗ್ರಿ.' ನಾನು ಹೂಂ ಎಂದೆ, ಮನಸ್ಸು ಮಾತ್ರ ಆಗಲೇ ಮನೆಯ ಹಾಸಿಗೆಯಲ್ಲಿತ್ತು.

ಸಂಜೆ ಗೋದಾಮಿನಿಂದ ಚಾಪೆ, ಚಾದರ, ದಿಂಬು ಹೆಗಲ ಮೇಲೆ ಹೊತ್ತು, ವನವಾಸ ಮುಗಿಸಿದವನ ಠೀವಿಯಲ್ಲಿ ಮನೆಗೆ ಬಂದೆ. ದಿಂಬನ್ನು ಅದರ ಹಳೆಯ ಜಾಗದಲ್ಲಿಟ್ಟು ಪಕ್ಕದಲ್ಲಿ ಕೂತೆ. ಶಾಂತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

'ಏನ್ರಿ ಇದು?'

'ಆಯ್ಕಿ ಆತಲ್ಲ. ಇನ್ ಮ್ಯಾಲ ಏನ್ ಫಿಕರ್?'

ಅವಳು ಸೆರಗಿಗೆ ಕೈ ಒರೆಸಿಕೊಂಡಳು. 'ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿದ್ದ್ಯಾಗ ಮೈ ರಿಪೇರಿ ಆಗ್ತದ ಅಂತ ಮೇಡಂ ಹೇಳಿದ್ರಲ್ಲ, ಅದು ಬರೇ ಖೋಖೋ ಆಡೋರಿಗೇನ್ರಿ? ನಸುಕಿನ್ಯಾಗ ನಳಕ್ಕ ಓಡಾಕಿ ನಾ, ನಿಮ್ಮ ಗಾಡಿ ಹೊತ್ತಿಗಿ ಡಬ್ಬಿ ಕಟ್ಟಾಕಿ ನಾ, ಬಾಂಡೆ ತಿಕ್ಕಾಕಿ ನಾ. ಈ ಮನ್ಯಾಗ ಓಡಾಕಿ ನಿಮ್ಮ ಮಗಳೊಬ್ಬಾಕೇ ಏನ್ರಿ?'

ನಾನು ದಿಂಬನ್ನು ತೊಡೆಯ ಮೇಲೆ ಎಳೆದುಕೊಂಡೆ.

'ಮದಿವಿ ಆದಾಗಿಂದ ನಿಮ್ಮ ಖೋ ಕೇಳಿ ಏಳ್ಲಿಕತ್ತೀನಿ. ನಡುವ ನಿಮ್ಮ ಉಸುರು ನಿಂತಾಗೊಮ್ಮಿ ಎದ್ದು ಕೂತು, ಬರ್ತದೋ ಇಲ್ಲೋ ಅಂತ ಮಾರಿ ನೋಡ್ಕೋತ ಕುಂದರ್ತಿದ್ದೆ. ನನಗ ಫೌಲ್ ಅಂತ ಸೀಟಿ ಊದ್ಲಿಕ್ಕ ಯಾರೂ ಇರಲಿಲ್ಲ, ಅಷ್ಟೇ. ಈ ನಾಕು ದಿನ ನಿದ್ದಿ ಮಾಡೀನಿ. ನನಗ ಇನ್ನೂ ಬೇಕು.'

ರೂಢಿಯಾಗಿದೆ ಎಂದುಕೊಂಡಿದ್ದೆನಲ್ಲ, ಆ ಮಾತು ನೆನಪಾಗಿ ನಾಚಿಕೆಯಾಯಿತು. ಮಗಳ ನಿದ್ದೆಗೆ ಶಿಕ್ಷಕಿ ಮನೆಗೆ ಬಂದರು, ಗೆಳೆಯ ಗೋದಾಮು ಕೊಟ್ಟ, ಊರೇ ತಲೆ ಕೆಡಿಸಿಕೊಂಡಿತು. ನನ್ನ ಪಕ್ಕದಲ್ಲೇ ಎದ್ದು ಕೂತು ನನ್ನ ಉಸಿರು ಕಾಯುತ್ತಿದ್ದವಳನ್ನು 'ನಿನಗ ನಿದ್ದಿ ಆತೇನು' ಎಂದು ಒಮ್ಮೆಯಾದರೂ ಕೇಳಿದ್ದೆನೇ? ದಿಂಬು ನೋಡುತ್ತ ಕೂತೆ. ಶಾಂತಾ ಹಿಂದಿನಿಂದ ಬಂದು, ನನ್ನ ಬೆನ್ನು ತಟ್ಟಿ, ಮೆಲ್ಲಗೆ ಅಂದಳು: 'ಖೋ.' ಒಳಗಿನಿಂದ ನೀಲಾ ಕಿಲಕಿಲ ನಕ್ಕು, 'ಅಪ್ಪಾ, ಏಳು! ಖೋ ಬಿದ್ದ ಮ್ಯಾಲ ಕುಂದರಬಾರದು' ಎಂದಳು. ನಾನು ಎದ್ದೆ, ಚಾಪೆ ಸುತ್ತಿದೆ. ಹೋಗುವ ಮುಂಚೆ, ಕಲಬುರ್ಗಿಯ ಡಾಕ್ಟರ ಹತ್ತಿರ ಹೆಸರು ಬರೆಸು ಎಂದು ಮಗಳಿಗೆ ಹೇಳಿದೆ. ಅಲ್ಲಿ ಮಂಚದ ಮೇಲೆ ಮಲಗಿಸಿ ತಲೆಗೆ ವೈರು ಅಂಟಿಸುತ್ತಾರಂತೆ. ಕೊನೆಗೂ ನಿದ್ರಾ ಸಂಶೋಧನೆಗೆ ನನಗೆ ಕರೆ ಬಂದಂತಾಯಿತು.

ಮುಂದಿನ ಭಾನುವಾರ ಊಟವಾದ ಮೇಲೆ ಶಾಂತಾ ಬಾಂಡೆಗಳನ್ನು ಹಾಗೇ ಬಿಟ್ಟು, 'ಜರಾ ಅಡ್ಡಾಗ್ತೀನ್ರಿ' ಎಂದಳು. ಊರಿಗೆ ಊರೇ ಅಡ್ಡಾಗುತ್ತದೆ ಎನ್ನುತ್ತಿದ್ದ ನಾನು, ಅವಳ ಬಾಯಲ್ಲಿ ಆ ಮಾತನ್ನು ಕೇಳಿದ್ದು ಅದೇ ಮೊದಲು. ನನ್ನ ಫರಸಿಯ ಮೇಲೆ, ನನ್ನ ಜಾಗದಲ್ಲಿ ಮಲಗಿದಳು. ನಾನು ಹೊಸ್ತಿಲಲ್ಲಿ ಕಾವಲು ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸಣ್ಣಗೆ, ಹದವಾಗಿ, ಗೊರಕೆ ಕೇಳಿಸಿತು. ಅದರ ಕೊನೆಗೆ ಖೋ ಇರಲಿಲ್ಲ. ಚಾಂದಪಾಶಾ ಓಣಿಯಿಂದಲೇ 'ಶರಣಪ್ಪಣ್ಣಾ, ಛಾ ಆತೇನು?' ಎಂದು ಕೂಗುತ್ತ ಬಂದ. ತುಟಿಯ ಮೇಲೆ ಬೆರಳಿಟ್ಟು, 'ಸುಮ್ಮ ಕುಂದರು, ಮನಿಯಾಕಿ ಅಡ್ಡಾಗ್ಯಾಳ' ಎಂದೆ. ಅವನು ಇಣುಕಿ ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತ. ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆಗೆ ಹೋಗಿ, ನಾನೇ ಚಹಾ ಮಾಡಿ ತಂದೆ. ಚಾಂದಪಾಶಾ ಬಸಿಗೆ ಸುರಿದು ಒಂದು ಗುಟುಕು ಕುಡಿದವನು ನನ್ನ ಮುಖವನ್ನೇ ನೋಡಿದ.

'ಶರಣಪ್ಪಣ್ಣ, ಇನ್ನೂ ಗೋದಾಮಿನ್ಯಾಗ ಮಕ್ಕೋತಿಯೇನು?'

'ಹೂಂ. ಯಾಕ?'

'ಏನಿಲ್ಲಪಾ. ನಿದ್ದಿ ಇಲ್ದಾವಗ ಉಪ್ಪು ಸಕ್ರಿ ಫರಕ್ ತಿಳ್ಯಂಗಿಲ್ಲ, ನೋಡು' ಎಂದು ಪಿಸುಗುಟ್ಟಿದ.

ನಾನೂ ಒಂದು ಗುಟುಕು ಕುಡಿದು ನೋಡಿದೆ. ಲಕ್ಷ್ಯ ಎಲ್ಲಿರುತ್ತದೆ ಎಂದು ಕೇಳುವವಳು ಒಳಗೆ ಮಲಗಿದ್ದಳು. ಇಬ್ಬರೂ ಮುಖ ಹಿಂಡಿಕೊಂಡು ಆ ಚಹಾವನ್ನು ಪೂರ್ತಿ ಕುಡಿದೆವು, ಬಸಿಗಳನ್ನು ಸಪ್ಪಳವಾಗದಂತೆ ಫರಸಿಯ ಮೇಲಿಟ್ಟೆವು.